ಹವಾಮಾನ ಕೇಂದ್ರದ ಕಂಬ ಮಾಡಿನ ಮೇಲೆ ಬೇಡ, ಅಂಗಳದಾಚೆ ನೆಡಿ

ಪ್ರಶ್ನೆ: ಗಾಳಿ, ಮಳೆ, ಉಷ್ಣಾಂಶ ಮೂರನ್ನೂ ಅಳೆಯುವ ವೈರ್‌ಲೆಸ್ ಹವಾಮಾನ ಕೇಂದ್ರ ನಮ್ಮ ಮನೆಯಲ್ಲಿದೆ. ಹೆಂಚಿನ ಮಾಡಿನ ಪಕಾಸಿಗೆ ಪೈಪ್ ಕಟ್ಟಿ ನಿಲ್ಲಿಸಿದ್ದೆವು. ಮಳೆಗಾಲದ ಗಾಳಿಗೆ ವಾಲಿತು. ಮಳೆ ಇಲ್ಲದ ದಿನವೂ 1–2 ಮಿ.ಮೀ. ತೋರಿಸುತ್ತದೆ. ಭದ್ರವಾಗಿ ಕೂರಿಸುವುದು ಹೇಗೆ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಎರಡೂ ತೊಂದರೆಗೆ ಕಾರಣ ಕಂಬದ ಅಲುಗಾಟವೇ ಇರಬೇಕು. ಮಳೆಮಾಪಕದೊಳಗೆ ಏತದಂತೆ ಆಚೀಚೆ ಬಾಗುವ ಪುಟ್ಟ ಬಟ್ಟಲಿದೆ. 0.2 ಅಥವಾ 0.3 ಮಿ.ಮೀ. ಮಳೆಯ ನೀರು ತುಂಬಿದರೆ ಅದು ಮಗುಚಿ ಒಂದು ಎಣಿಕೆ ಕೊಡುತ್ತದೆ. ಪೈಪ್ ನಡುಗಿದರೆ ಖಾಲಿ ಬಟ್ಟಲೂ ಮಗುಚುತ್ತದೆ.

ಗಾಳಿ ಅಳೆಯಲು ಬಯಲಿನಲ್ಲಿ 10 ಮೀಟರ್ ಎತ್ತರ ಬೇಕು. ತೋಟ, ಗುಡ್ಡಗಳ ನಡುವಿನ ಮನೆಗೆ ಅದು ಸಿಗದು. ಹಾಗಾಗಿ ಗಾಳಿಯ ಲೆಕ್ಕ ಸ್ವಲ್ಪ ಬಿಟ್ಟುಕೊಟ್ಟು, ಮಳೆಗೆ ಒಗ್ಗುವ ಜಾಗ ಹುಡುಕಿ. ಮನೆ 15 ಅಡಿ ಎತ್ತರವಿದ್ದರೆ 30 ಅಡಿ ದೂರ ನಿಲ್ಲಿಸಿ. ಅಡಿಕೆ ಮರಗಳಿಂದಲೂ ಅವುಗಳ ಎತ್ತರದಷ್ಟಾದರೂ ದೂರವಿರಲಿ. ಮಂಗಗಳು ಹಾರಿ ಹಿಡಿಯುವ ಕೊಂಬೆ ಹತ್ತಿರ ಬೇಡ. ಸಿಮೆಂಟ್ ಅಂಗಳದ ಕಾವು ಉಷ್ಣಾಂಶ ಕೆಡಿಸುತ್ತದೆ, ಹುಲ್ಲು ನೆಲವೇ ಒಳ್ಳೆಯದು.

ಒಂದೂಕಾಲು ಇಂಚಿನ ಬಿ ಕ್ಲಾಸ್ (ಮಧ್ಯಮ ದಪ್ಪದ) ಜಿಐ (ಸತು ಲೇಪಿತ ಕಬ್ಬಿಣದ) ಪೈಪ್ 10 ಅಡಿ ಸಾಕು. ಕೊಳ್ಳುವ ಮೊದಲು ಸಾಧನದ ಕ್ಲಾಂಪಿಗೆ ಹೊಂದುತ್ತದೆಯೇ ನೋಡಿ. ಪೈಪಿನ ಬುಡಕ್ಕೆ ಒಂದು ಅಡ್ಡ ಸರಳು ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ಕಂಬ ಕಾಂಕ್ರೀಟಿನೊಳಗೇ ತಿರುಗಿ ಗಾಳಿಯ ದಿಕ್ಕು ತಪ್ಪುತ್ತದೆ. ಒಂದೂವರೆ ಅಡಿ ಚೌಕದ, ಎರಡೂಕಾಲು ಅಡಿ ಆಳದ ಗುಂಡಿಗೆ 3 ಇಂಚು ಜಲ್ಲಿ ಹಾಕಿ ಪೈಪ್ ಅದರ ಮೇಲೆ ನಿಲ್ಲಲಿ. ಒಳಗೆ ಇಳಿದ ನೀರು ಬಸಿಯಲು ದಾರಿ ಬೇಕು. ಮೇಲೆ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್, ಒಂದು ಮೂಟೆ ಸಿಮೆಂಟ್ ಸಾಕು. ಬಾಯಿಯನ್ನು ನೆಲಕ್ಕಿಂತ ಎತ್ತರಿಸಿ ಇಳಿಜಾರು ಮಾಡಿ, 7 ದಿನ ನೀರುಣಿಸಿ. ಇದೆಲ್ಲ ಮೇ ತಿಂಗಳೊಳಗೆ ಮುಗಿಯಬೇಕು. ಗುಂಡಿಯಲ್ಲಿ ನೀರು ನಿಂತ ಮೇಲೆ ಕಾಂಕ್ರೀಟ್ ಹಾಕಬೇಡಿ.

ಆರಡಿ ಎತ್ತರದಲ್ಲಿ ಮೂರು ದಿಕ್ಕಿಗೆ 4 ಮಿ.ಮೀ. ಸ್ಟೀಲ್ ಹಗ್ಗ ಎಳೆದು, ಟರ್ನ್‌ಬಕಲ್‌ನಿಂದ (ತಿರುಗಿಸಿ ಹಗ್ಗ ಬಿಗಿಮಾಡುವ ಕೊಕ್ಕೆ) ಸಡಿಲ ಹೋಗುವಷ್ಟೇ ಬಿಗಿ ಮಾಡಿ. ಗೂಟಗಳು ಕಂಬದಿಂದ 5–6 ಅಡಿ ದೂರವಿರಲಿ. ಹಗ್ಗಕ್ಕೆ ಬಣ್ಣದ ಬಟ್ಟೆ ಕಟ್ಟಿ, ದನ–ಮಕ್ಕಳು ಎಡವುತ್ತಾರೆ. ನಟ್ಟು–ಬೋಲ್ಟ್ ಎಲ್ಲವೂ ಸ್ಟೇನ್‌ಲೆಸ್ ಇರಲಿ.

ಕೊನೆಗೆ ಸಾಧನದ ಮೇಲೆ ರಸಮಟ್ಟ ಇಟ್ಟು ನೋಡಿ. ಬಟ್ಟಲು ವಾಲಿದ್ದರೆ ಲೆಕ್ಕ ತಪ್ಪುತ್ತದೆ. ಗಾಳಿಯ ದಿಕ್ಕು ಹೊಂದಿಸಲು ಉತ್ತರ ದಿಕ್ಕನ್ನು ಮೊಬೈಲಿನ ದಿಕ್ಸೂಚಿಯಲ್ಲಿ ನೋಡುವಾಗ ಕಬ್ಬಿಣದ ಕಂಬದಿಂದ ಕೆಲವು ಹೆಜ್ಜೆ ದೂರ ನಿಲ್ಲಿ, ಹತ್ತಿರವಿದ್ದರೆ ಸೂಜಿ ತಪ್ಪು ತೋರಿಸುತ್ತದೆ.

ಮಳೆಯ ಲೆಕ್ಕ ಪರೀಕ್ಷಿಸುವುದೂ ಸುಲಭ. ಮಳೆಮಾಪಕದ ಆಲಿಕೆಯ ಬಾಯಿ 100 ಚದರ ಸೆಂ.ಮೀ. ಇದ್ದರೆ 100 ಮಿ.ಲೀ. ನೀರು 10 ಮಿ.ಮೀ. ಮಳೆಗೆ ಸಮ. ತೂತು ಮಾಡಿದ ಬಾಟಲಿಯಿಂದ ಅರ್ಧ ಗಂಟೆ ಹನಿಹನಿಯಾಗಿ ಬಿಡಿ. ಒಮ್ಮೆಗೇ ಸುರಿದರೆ ಬಟ್ಟಲು ಮಗುಚುವಷ್ಟರಲ್ಲಿ ನೀರು ಹೊರಗೆ ಹೋಗಿ ಲೆಕ್ಕ ಕಡಿಮೆ ಬರುತ್ತದೆ. ಜಡಿಮಳೆಯಲ್ಲಿ ಆಗುವುದೂ ಇದೇ.

ತೋಟಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತು–ಸುಣ್ಣದ ಮಿಶ್ರಣ) ಹೊಡೆಯುವ ದಿನ ಸಾಧನಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚಿ. ಸುಣ್ಣ ಗಟ್ಟಿಯಾಗಿ ಆಲಿಕೆಯ ಸಣ್ಣ ತೂತು ಕಟ್ಟಿಕೊಳ್ಳುತ್ತದೆ, ಮೈಲುತುತ್ತು ಜಿಐ ಪೈಪನ್ನು ತಿನ್ನುತ್ತದೆ. ಸಂಜೆ ಚೀಲ ತೆಗೆಯಲು ಮರೆಯಬೇಡಿ.