ದಿಲ್ಲಿಯ ಅಗ್ಗದ ಕಾರು ಉಡುಪಿಗೆ ಬಂದ ಮೇಲೂ ಅಗ್ಗವಾ?

ಮಳೆ ಬಿಟ್ಟ ಕೂಡಲೇ ನಮ್ಮ ಕಡೆ ಹಳೇ ಕಾರಿನ ಹುಡುಕಾಟ ಶುರು. ಈ ಸಲದ ಪತ್ರಗಳೂ ಹೆಚ್ಚಿನವು ಅದೇ. ಇನ್ಶೂರೆನ್ಸ್ ಸರ್ವೇಯರ್ ಆಗಿ ಕುಂದಾಪುರದಿಂದ ತಲಪಾಡಿವರೆಗೆ ಜಜ್ಜಿದ, ಮುಳುಗಿದ, ತುಕ್ಕು ತಿಂದ ಕಾರುಗಳ ಅಡಿಗೆ ಮಲಗಿ ನೋಡುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ನನ್ನ ಉತ್ತರಗಳು ಸ್ವಲ್ಪ ಸಂಶಯದ ಕಡೆಗೇ ವಾಲುತ್ತವೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: 2018ರ ಡೀಸೆಲ್ ಎಸ್‌ಯುವಿ ಒಂದಕ್ಕೆ ಉಡುಪಿಯಲ್ಲಿ ಐದೂಮುಕ್ಕಾಲು ಲಕ್ಷ ಹೇಳುತ್ತಾರೆ. ಅದೇ ಮಾಡೆಲ್ ದಿಲ್ಲಿಯಲ್ಲಿ ನಾಲ್ಕು ಲಕ್ಷಕ್ಕೆ ಸಿಗುತ್ತದೆ. ಹೊಸತರಲ್ಲಿ ಅದರ ಬೆಲೆ 12 ಲಕ್ಷ ಇತ್ತು. ಭಾವ ಅಲ್ಲೇ ಇದ್ದಾರೆ. ತಂದುಬಿಡಲಾ? (ಬ್ರಹ್ಮಾವರ)

ಮೊದಲು ಅಲ್ಲಿ ಯಾಕೆ ಅಗ್ಗ ಅಂತ ನೋಡಿ. ದಿಲ್ಲಿಯಲ್ಲಿ ಡೀಸೆಲ್ ಕಾರಿಗೆ 10 ವರ್ಷ, ಪೆಟ್ರೋಲ್ ಕಾರಿಗೆ 15 ವರ್ಷ, ಆಮೇಲೆ ರಸ್ತೆಗೆ ಇಳಿಸುವಂತಿಲ್ಲ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಗೆರೆ ಎಳೆಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. 2025ರಲ್ಲಿ ಸ್ವಲ್ಪ ಸಡಿಲವಾಗಿದೆ, ಆದರೆ ಹೆದರಿಕೆ ಹೋಗಬೇಕಲ್ಲ? ಎಂಟು ವರ್ಷದ ಡೀಸೆಲ್ ಕಾರು ಅಲ್ಲಿನ ಮಾಲೀಕನಿಗೆ ತಲೆನೋವು. ನಮ್ಮಲ್ಲಿ ನೋಂದಣಿ 15 ವರ್ಷದವರೆಗೆ ನಡೆಯುವುದರಿಂದ ನಿಮಗೆ ಅದೇ ಕಾರಿನಲ್ಲಿ ಇನ್ನೂ ಏಳು ವರ್ಷ ಕಾಣುತ್ತದೆ. ಇನ್ನೊಂದು, ಅಲ್ಲಿ ರೋಡ್ ಟ್ಯಾಕ್ಸೇ ಕಡಿಮೆ. ಹತ್ತು ಲಕ್ಷ ದಾಟಿದ ಡೀಸೆಲ್ ಕಾರಿಗೆ ಶೇ. 12.5. ನಮ್ಮಲ್ಲಿ 10ರಿಂದ 20 ಲಕ್ಷದ ಕಾರಿಗೆ ಶೇ. 17, ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಒಟ್ಟು ಸುಮಾರು ಶೇ. 19.

ಎಲ್ಲರೂ ಎಡವುವುದು ಇಲ್ಲೇ. ಕಾರು ಇಲ್ಲಿಗೆ ಬಂದ ಮೇಲೆ ಜೀವಾವಧಿ ತೆರಿಗೆ, ಅಂದರೆ ನಮ್ಮ ಈ ರೋಡ್ ಟ್ಯಾಕ್ಸ್, ಕಟ್ಟಬೇಕು. ಆ ಲೆಕ್ಕ ನೀವು ಕೊಟ್ಟ ನಾಲ್ಕು ಲಕ್ಷದ ಮೇಲಲ್ಲ ಮಾರಾಯ್ರೇ, ಹೊಸತರಲ್ಲಿದ್ದ 12 ಲಕ್ಷದ ಮೇಲೆ! ಪೂರ್ತಿ ತೆರಿಗೆ ಎರಡೂಕಾಲು ಲಕ್ಷದ ಹತ್ತಿರ. ವಯಸ್ಸಿಗೆ ರಿಯಾಯಿತಿ ಉಂಟು. ಎಂಟು ವರ್ಷದ ಕಾರಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ. ಒಂದೂಕಾಲು ಲಕ್ಷದ ಆಸುಪಾಸು ಅಂತ ಇಟ್ಟುಕೊಳ್ಳಿ. ನೀವು ಉಳಿಸಲು ಹೊರಟದ್ದು ಒಂದೂಮುಕ್ಕಾಲು ಲಕ್ಷ. ಬಾಕಿ ಐವತ್ತು ಸಾವಿರದಲ್ಲಿ ಲಾರಿ ಬಾಡಿಗೆ, ನಿಮ್ಮ ಓಡಾಟ, ಏಜೆಂಟ್ ಖರ್ಚು ಎಲ್ಲ ಆಗಬೇಕು. ಅಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲನ್ನು ವಾಪಸ್ ಕೇಳಬಹುದು, ನಿಜ. ಆದರೆ ಅದರ ಹಿಂದೆ ಯಾರು ಓಡುತ್ತಾರೆ?

ಇದೇ ಲೆಕ್ಕವನ್ನು ಹಳೇ ಜರ್ಮನ್ ಕಾರಿಗೆ ಹಾಕಿ ನೋಡಿ. ಹೊಸತರಲ್ಲಿ 40 ಲಕ್ಷ ಇದ್ದದ್ದು ದಿಲ್ಲಿಯಲ್ಲಿ ಎಂಟು ಲಕ್ಷಕ್ಕೆ ಸಿಕ್ಕಿತು ಅಂತ ಕುಣಿದವರು ಇಲ್ಲಿ ನಾಲ್ಕು ಲಕ್ಷದಷ್ಟು ತೆರಿಗೆ ಕಟ್ಟಬೇಕು. ಸರ್ವಿಸಿನ ಮಾತು ಬೇರೆ.

ದಿಲ್ಲಿ ಕಾರಿನ ಪರವಾಗಿ ಒಂದು ಮಾತು ಹೇಳಲೇಬೇಕು. ಒಣ ಹವೆ, ಹಾಗಾಗಿ ಅಡಿಭಾಗ ಸಾಮಾನ್ಯವಾಗಿ ಚೊಕ್ಕ ಇರುತ್ತದೆ. ತರುವುದೇ ಆದರೆ ದಿಲ್ಲಿ ಆರ್‌ಟಿಒ ಕೊಡುವ ಎನ್‌ಒಸಿಯಲ್ಲಿ (ನಿರಾಕ್ಷೇಪಣಾ ಪತ್ರ) ಉಡುಪಿ ಆರ್‌ಟಿಒ ಹೆಸರೇ ಇರಲಿ. ಲೋನ್ ಇದ್ದರೆ ಬ್ಯಾಂಕಿನ ಕ್ಲಿಯರೆನ್ಸ್ ಮತ್ತು ಫಾರ್ಮ್ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್) ಕೈಗೆ ಬಂದ ಮೇಲೆಯೇ ದುಡ್ಡು ಕೊಡಿ. ಮತ್ತೆ, ನಿಮ್ಮ ಭಾವನವರಿಗೆ ಕಾರಿನ ಬಗ್ಗೆ ಎಂತ ಗೊತ್ತುಂಟು? ಬಣ್ಣ ನೋಡಿ 'ಸೂಪರ್' ಅನ್ನುವ ಭಾವ ಆದರೆ ಕಷ್ಟ.

ಪ್ರಶ್ನೆ: ಹಾಗಾದರೆ ಬೆಂಗಳೂರಿನಿಂದ ತರುವುದು ಒಳ್ಳೆಯದಾ, ಇಲ್ಲೇ ತೆಗೆದುಕೊಳ್ಳುವುದಾ? ಇಲ್ಲಿ ಒಬ್ಬರು ಹೊಸ ಪೇಂಟ್, ಅಡಿಗೆ ಹೊಸ ಕೋಟಿಂಗ್ ಎಲ್ಲ ಮಾಡಿಸಿ ಇಟ್ಟಿದ್ದಾರೆ. (ಸುರತ್ಕಲ್)

ನನ್ನ ಓಟು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಾರಿಗೆ. ಬೋರ್ಡ್ ಕೆಎ ಇರಬೇಕು, ಊರು ಘಟ್ಟದ ಮೇಲಿನದಿರಬೇಕು. ರಾಜ್ಯದೊಳಗೆ ಮತ್ತೆ ತೆರಿಗೆ ಇಲ್ಲ, ನಂಬರೂ ಅದೇ ಮುಂದುವರಿಯುತ್ತದೆ. ಮಾಲೀಕತ್ವ ಬದಲಿಸಿದರೆ ಆಯಿತು. ಬೆಂಗಳೂರಿನಲ್ಲಿ ಮಾರುವವರು ಜಾಸ್ತಿ, ಹಾಗಾಗಿ ಚೌಕಾಸಿಗೆ ಜಾಗ ಉಂಟು. ಟ್ಯಾಕ್ಸಿಯಾಗಿ ಓಡಿ ಆಮೇಲೆ ಬಿಳಿ ಬೋರ್ಡ್ ಮಾಡಿಸಿಕೊಂಡ ಕಾರು ಮಾತ್ರ ಬೇಡ. ಮೀಟರ್ ಏನೇ ಹೇಳಲಿ, ಹಿಂದಿನ ಸೀಟಿನ ಬಾಗಿಲ ಹಿಡಿ ಸವೆದಿದೆಯಾ ನೋಡಿ. ಸ್ವಂತ ಕಾರಿನಲ್ಲಿ ಹಿಂದಿನ ಬಾಗಿಲು ಅಷ್ಟು ಸವೆಯುವುದಿಲ್ಲ.

ನಮ್ಮ ಕರಾವಳಿ ಕಾರಿನ ಶತ್ರು ಕಿಲೋಮೀಟರ್ ಅಲ್ಲ, ಉಪ್ಪು. ಪಣಂಬೂರು, ಮಲ್ಪೆ ಕಡೆಯ ಗಾಳಿ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರದ ಮಳೆ, ಅಡಿಗೆ ಮೆತ್ತಿ ಒಣಗದ ಕೆಂಪು ಮಣ್ಣು. ಸಾಲದ್ದಕ್ಕೆ 66ನೇ ಹೆದ್ದಾರಿಯಲ್ಲಿ ಮೀನಿನ ಲಾರಿಯ ಉಪ್ಪುನೀರು ಬೇರೆ. ಲಾರಿಯ ಹಿಂದೆ ಹೋಗುವಾಗ ನಾವು ಮೂಗು ಮುಚ್ಚಿಕೊಳ್ಳುತ್ತೇವೆ, ಕಾರು ಎಂತ ಮಾಡಬೇಕು?

ನೀವು ಬರೆದ ಆ 'ಹೊಸ ಕೋಟಿಂಗ್' ನನಗೆ ಇಷ್ಟವಾಗಲಿಲ್ಲ. ಮಾರುವ ಮೊದಲು ಅಡಿಗೆ ಕಪ್ಪು ಬಳಿದರೆ ತುಕ್ಕು ಗುಣವಾಗುವುದಿಲ್ಲ, ಅಡಗಿ ಕೂರುತ್ತದೆ. ಬಾಗಿಲ ಕೆಳಅಂಚು, ಬಾಗಿಲ ಅಡಿಯ ಪಟ್ಟಿ, ಜಾಕ್ ಕೊಡುವ ಜಾಗ, ಸ್ಟೆಪ್ನಿ ಗುಂಡಿ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್ ಕೂರುವ ಗೋಪುರ, ಈ ಜಾಗಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಠಣ್ ಅನ್ನಬೇಕು. ಮೆತ್ತಗೆ ಬದ್ ಅಂದರೆ ಒಳಗೆ ಪುಟ್ಟಿ ತುಂಬಿದ್ದಾರೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಹಚ್ಚಿ ನೋಡಿ. ಪುಟ್ಟಿ ಇದ್ದಲ್ಲಿ ಅದು ಹಿಡಿಯುವುದಿಲ್ಲ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಹಚ್ಚಿ ಗಾಬರಿಯಾಗಬೇಡಿ. ಶಾಕ್ ಗೋಪುರದಲ್ಲಿ ತುಕ್ಕು ಕಂಡರೆ ಬೆಲೆ ಮಾತಾಡಲೇ ಬೇಡಿ, ಮನೆಗೆ ಬನ್ನಿ. ಬಾಕಿ ಕಡೆಯದನ್ನು ಟಿಂಕರಿಂಗ್ ಮಾಡಿಸಬಹುದು.

ಪ್ರಶ್ನೆ: ದುಬೈಯಲ್ಲಿರುವವರ ಕಾರು. ಏಳು ವರ್ಷ, ಬರೇ 19 ಸಾವಿರ ಕಿ.ಮೀ. ಅದಕ್ಕೇ ರೇಟು ಜಾಸ್ತಿ ಹೇಳುತ್ತಿದ್ದಾರೆ. ಕೊಡಬಹುದಾ? (ಕಾಪು)

ಕಿಲೋಮೀಟರ್ ನಿಜವೇ ಇರಬಹುದು. ವರ್ಷಕ್ಕೆ ಒಮ್ಮೆ ಊರಿಗೆ ಬಂದಾಗ ಮದುವೆ, ಕೋಲ, ದೇವಸ್ಥಾನ ಅಂತ ಓಡಿಸುತ್ತಾರೆ. ಉಳಿದ ತಿಂಗಳು ಕಾರು ಶೆಡ್ಡಿನಲ್ಲಿ ನಿದ್ದೆ. ನಿಂತ ಕಾರೂ ಹಾಳಾಗುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದ ಟೈರ್. ಟೈರಿನ ಗೀರು ಎಷ್ಟು ಆಳ ಇದ್ದರೂ ಆ ಟೈರ್ ಬದಲಿಸಲೇಬೇಕು. ಬ್ಯಾಟರಿ, ಬ್ರೇಕ್ ಡಿಸ್ಕ್, ಎಸಿ ಪೈಪು ನೋಡಿ. ಬಾನೆಟ್ ಎತ್ತಿ ಇಲಿ ಕಡಿದ ವಯರ್ ಹುಡುಕಿ. ಆಮೇಲೆ ಇಂದ್ರಾಳಿಯಿಂದ ಮಣಿಪಾಲದ ಏರಿನಲ್ಲಿ ಎಸಿ ಹಾಕಿಕೊಂಡೇ ಹತ್ತಿಸಿ. ಕ್ಲಚ್ ಎಂತದ್ದು ಅಂತ ಟೈಗರ್ ಸರ್ಕಲ್ ಮುಟ್ಟುವ ಮೊದಲೇ ಗೊತ್ತಾಗುತ್ತದೆ. ಕಡಿಮೆ ಓಡಿದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ನಾಲ್ಕು ಟೈರ್, ಒಂದು ಬ್ಯಾಟರಿಯ ಬೆಲೆ ಕಳೆದು ಮಾತಾಡಿ.

ಪ್ರಶ್ನೆ: ಕಾಸರಗೋಡಿನ ಮಾವನ ಕೆಎಲ್ 14 ಕಾರು ನನಗೇ ಕೊಡುತ್ತಾರಂತೆ. ಸುಮ್ನೆ ಓಡಿಸಿಕೊಂಡಿರಬಹುದಾ? (ತೊಕ್ಕೊಟ್ಟು)

ಮಾವ ಬಂದು ಹೋಗುವುದಕ್ಕೆ ಏನೂ ಇಲ್ಲ. ಕಾರು ಇಲ್ಲೇ ಉಳಿದರೆ 12 ತಿಂಗಳ ಮೇಲೆ ಹೊಸ ನಂಬರ್ ಮಾಡಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಹೆಸರಿಗೆ ಮಾಡಿಸಿಕೊಂಡರೆ ಬ್ರಹ್ಮಾವರದವರಿಗೆ ಹೇಳಿದ ಲೆಕ್ಕವೇ ನಿಮಗೂ. ಮಾವ ಉಚಿತ, ತೆರಿಗೆ ಉಚಿತ ಅಲ್ಲ.

ಪ್ರಶ್ನೆ: ಚೆನ್ನೈಯಿಂದ ಬಂದ ಕಾರು, ಮಾರ್ಕೆಟ್ ರೇಟಿಗಿಂತ ಒಂದು ಲಕ್ಷ ಕಡಿಮೆ. ನೆರೆಯಲ್ಲಿ ಮುಳುಗಿದ್ದಿರಬಹುದಾ? (ಕುಂದಾಪುರ)

ಇರಬಹುದು. ಚೆನ್ನೈ 2015ರಲ್ಲೂ 2023ರಲ್ಲೂ ಮುಳುಗಿತು, ಕೇರಳ 2018ರಲ್ಲಿ. ರಿಪೇರಿ ಖರ್ಚು ಇನ್ಶೂರೆನ್ಸ್ ಮೌಲ್ಯದ ಶೇ. 75 ದಾಟಿದರೆ ನಾವು 'ಟೋಟಲ್ ಲಾಸ್' ಬರೆಯುತ್ತೇವೆ. ಆ ಕಾರು ಗುಜರಿ ಬೆಲೆಗೆ ಯಾರದೋ ಕೈಗೆ ಹೋಗುತ್ತದೆ. ಆರ್‌ಸಿ ರದ್ದಾಗದಿದ್ದರೆ ತೊಳೆದು, ಒಣಗಿಸಿ, ದೂರದ ಊರಲ್ಲಿ ಮಾರುತ್ತಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಕತೆ ಮುಗಿಯಿತು, ಅಷ್ಟು ಒಳಗೆ ಯಾರೂ ತೊಳೆಯುವುದಿಲ್ಲ. ಕಾರ್ಪೆಟ್ ಎತ್ತಿ, ಸೀಟಿನ ಹಳಿಯ ಬೋಲ್ಟ್ ನೋಡಿ. ಒಳಗೆ ಸೆಂಟಿನ ಪರಿಮಳ ಅತಿಯಾಗಿದ್ದರೆ ಗಾಜು ಮುಚ್ಚಿ ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ಮೂಸಿ. ಹಳೆಯ ಇನ್ಶೂರೆನ್ಸ್ ಪಾಲಿಸಿ ಕೇಳಿ. ಹಳೇ ಕಾರಿಗೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸೊನ್ನೆ ಇದ್ದರೆ ಯಾಕೆ ಅಂತ ವಿಚಾರಿಸಿ.

ಪ್ರಶ್ನೆ: ನಾನು ಟೀಚರ್. ಡ್ರೈವಿಂಗ್ ಕಲಿತು ಕೈ ಪಳಗಲು ಒಂದೂವರೆ ಲಕ್ಷದೊಳಗೆ ಸಣ್ಣ ಕಾರು ಬೇಕು. ಎಂತ ನೋಡಬೇಕು? (ಕಾರ್ಕಳ)

ಮಾರುತಿ ಆಲ್ಟೋ ಸಾಕು. ಯಾವ ಗ್ಯಾರೇಜಿನವನಿಗೂ ಗೊತ್ತಿರುವ ಕಾರು, ಪಾರ್ಟ್ಸ್ ಅಗ್ಗ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದು ಹೊಸ ಕಾರಿನ ಬೆಲೆಯೇ ಕಡಿಮೆಯಾಗಿದೆ. ಆದ್ದರಿಂದ ಹಳೆಯದಕ್ಕೆ ಹಿಂದಿನ ರೇಟು ಹೇಳಿದರೆ ಒಪ್ಪಬೇಡಿ. ನಿಮ್ಮ ಬಜೆಟ್ಟಿಗೆ ಸಿಗುವುದು ಹನ್ನೆರಡು, ಹದಿನಾಲ್ಕು ವರ್ಷದ್ದು. ಆರ್‌ಸಿ ಎಂದು ಮುಗಿಯುತ್ತದೆ ಅಂತ ಮೊದಲು ನೋಡಿ. 15 ವರ್ಷ ಆದ ಮೇಲೆ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕು. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಮುಗಿಯಲು ಕೆಲವೇ ತಿಂಗಳಿದ್ದರೆ ನವೀಕರಿಸಿ ಕೊಡಲು ಮಾರುವವರಿಗೇ ಹೇಳಿ. ಅವರು ಒಪ್ಪದಿದ್ದರೆ ಆ ಕಾರು ಫಿಟ್‌ನೆಸ್ ಪಾಸಾಗುವುದಿಲ್ಲ ಅಂತ ಅವರಿಗೂ ಗೊತ್ತಿರಬಹುದು.