ಊರಿಗೆ ಬಂದವರು ನೀರಿಗೆ ಬರಬೇಡವೇ?

ಸಂಪಾದಕರೇ,

ಕಳೆದ ಸಂಚಿಕೆಯ ಪ್ರವಾಸ ಪುಟದಲ್ಲಿ ‘ಕ್ರೂಸ್ ಹಡಗಿನಿಂದ ದಡಕ್ಕಿಳಿಯುವಾಗ ನಿಮ್ಮದೇ ನೀರಿನ ಬಾಟಲಿ ಜೊತೆಗಿರಲಿ’ ಎಂದು ಬರೆದಿದ್ದೀರಿ. ಓದಿ ನಗು ಬಂತು. ಮುಂದಿನ ತಿಂಗಳು ನಾನು, ನಮ್ಮ ಯಜಮಾನರು ಮೆಡಿಟರೇನಿಯನ್ ಕಡೆ ಕ್ರೂಸ್‌ಗೆ ಹೊರಟಿದ್ದೇವೆ. ಏಳು ದಿನ, ನಾಲ್ಕು ಬಂದರು. ಇಳಿಯುವ ಬಾಗಿಲಲ್ಲೇ ಹಡಗಿನವರು ತಣ್ಣಗಿನ ಬಾಟಲಿ ಇಟ್ಟುಕೊಂಡಿರುತ್ತಾರಂತೆ. ಕುಡಿದು ಎಸೆದರೆ ಕೈ ಖಾಲಿ. ಅದು ಬಿಟ್ಟು ದಿನವಿಡೀ ಸ್ಟೀಲ್ ಬಾಟಲಿ ಹೊತ್ತು ತಿರುಗಬೇಕಾ? ಗೊತ್ತಿಲ್ಲದ ಊರಿನ ನಲ್ಲಿ ನೀರು ಕುಡಿದು ಹೊಟ್ಟೆ ಕೆಟ್ಟರೆ ಇಡೀ ಪ್ರವಾಸ ಹಾಳು. ನಮ್ಮಿಬ್ಬರ ಎರಡು ಬಾಟಲಿಯಿಂದ ಸಮುದ್ರ ತುಂಬಿಹೋಗುತ್ತಾ?

– ಹೆಸರು ಹಾಕಬೇಡಿ ಎಂದಿರುವ ಓದುಗರು

ಸಂಪಾದಕರ ಉತ್ತರ:

ನಕ್ಕಿರಿ ಅಂದ್ರಲ್ಲ, ಸಂತೋಷ. ನಮ್ಮ ಪ್ರವಾಸ ಪುಟ ಓದಿ ಜನ ನಗುವುದು ಅಪರೂಪ. ಆದರೂ ನಿಮ್ಮ ಪತ್ರ ನಾಲ್ಕು ದಿನ ನನ್ನ ಮೇಜಿನ ಮೇಲೇ ಕೂತಿತ್ತು. ನೀರಿನ ಮಾತು ಬಂದರೆ ನಾನು ಬೇಗ ಮುಗಿಸುವವನಲ್ಲ ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಪುಟ ಕಟ್ಟುವ ಹುಡುಗ ‘ಸಾರ್, ಒಂದೇ ಪುಟ’ ಎಂದು ಬೇಡಿಕೊಂಡು ಹೋಗಿದ್ದಾನೆ. ನೋಡೋಣ.

ನೀವು ಹೇಳಿದ್ದರಲ್ಲಿ ಸರಿಯಾದದ್ದನ್ನು ಮೊದಲು ಒಪ್ಪಿಬಿಡುತ್ತೇನೆ. ಎಲ್ಲ ಬಂದರಿನ ನಲ್ಲಿ ನೀರೂ ಕುಡಿಯುವಂತಿರುವುದಿಲ್ಲ. ಚಂಡಮಾರುತ ಬಡಿದ ದ್ವೀಪದಲ್ಲಿ, ಪೈಪು ಒಡೆದ ಊರಿನಲ್ಲಿ ಸೀಲ್ ಇರುವ ಬಾಟಲಿಯೇ ಗತಿ. ಅಲ್ಲಿ ಕೊಂಡು ಕುಡಿದವರನ್ನು ನಾನು ಬಯ್ಯುವುದಿಲ್ಲ. ಸರಿ, ಒಪ್ಪಿಕೊಳ್ಳುವುದು ಮುಗಿಯಿತು.

ತೂಕ ಅಂದಿರಿ. ಅರ್ಧ ಲೀಟರ್ ನೀರು ಅರ್ಧ ಕೆಜಿ. ಸ್ಟೀಲ್‌ನಲ್ಲಿದ್ದರೂ ಅಷ್ಟೇ, ಪ್ಲಾಸ್ಟಿಕ್‌ನಲ್ಲಿದ್ದರೂ ಅಷ್ಟೇ. ನಿಮ್ಮ ಕೈ ಹಗುರವಾಗುವುದು ಬಾಟಲಿ ಎಸೆದದ್ದಕ್ಕಲ್ಲ, ನೀರು ಹೊಟ್ಟೆ ಸೇರಿದ್ದಕ್ಕೆ. ಸ್ಟೀಲಿನ ಭಾರವೂ ಬೇಡ ಅಂದರೆ ಮಡಚುವ ಬಾಟಲಿಗಳಿವೆ. ಖಾಲಿಯಾದ ಮೇಲೆ ಸುತ್ತಿ ಜೇಬಿಗೆ ಹಾಕಿಕೊಳ್ಳಬಹುದು. ನೋಡೋಕೆ ಚೆಂದ ಇರಲ್ಲ, ಕೆಲಸ ಮಾಡುತ್ತವೆ.

ನನ್ನನ್ನು ಕೆಣಕಿದ್ದು ನಿಮ್ಮ ಕೊನೆಯ ಪ್ರಶ್ನೆ. ಎರಡು ಬಾಟಲಿಯಿಂದ ಸಮುದ್ರ ತುಂಬುತ್ತಾ ಅಂತ. ಒಂದು ಕಾಲದಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ.

ಮೊದಲ ಸಲ ಕ್ರೂಸ್‌ಗೆ ಹೋಗಿದ್ದೆ. ಹಡಗಿನ ಹೆಸರು, ಊರಿನ ಹೆಸರು ಎರಡೂ ಬೇಡ. ಪುಟ್ಟ ದ್ವೀಪ. ಬಂದರಿನಲ್ಲಿ ಆಳ ಸಾಲದೆ ಹಡಗು ದೂರದಲ್ಲೇ ನಿಂತಿತು. ನಮ್ಮನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಟ್ಟರು. ದೋಣಿಗೆ ಇಳಿಯುವ ಬಾಗಿಲಲ್ಲಿ ಐಸ್ ತುಂಬಿದ ತೊಟ್ಟಿ, ಅದರೊಳಗೆ ಬಾಟಲಿಗಳು. ನಿಮ್ಮ ಹಾಗೆಯೇ ಯೋಚಿಸಿ ಎರಡು ತಗೊಂಡೆ. ಕೋಟೆಯ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಎರಡೂ ಖಾಲಿ. ಮೇಲೆ ಹೋಗಿ ಇನ್ನೆರಡು ಕೊಂಡೆ. ಅವೂ ಖಾಲಿ. ಎಸೆಯೋಣ ಅಂದರೆ ಕಸದ ಡಬ್ಬಿ ತುಂಬಿ, ಅದರ ಸುತ್ತ ನೆಲದ ಮೇಲೆ ಬಾಟಲಿಗಳ ಗುಡ್ಡೆ. ಅಂದು ಆ ದ್ವೀಪದ ಮುಂದೆ ಮೂರು ಹಡಗು ನಿಂತಿದ್ದವು. ಗಾಳಿ ಬೀಸಿದಾಗ ಗುಡ್ಡೆಯಿಂದ ಒಂದೊಂದೇ ಬಾಟಲಿ ಜಾರಿ, ಮೆಟ್ಟಿಲ ಮೇಲೆ ಟಕಟಕ ಸದ್ದು ಮಾಡುತ್ತಾ ಕೆಳಗೆ ಉರುಳುತ್ತಿತ್ತು. ಕೆಳಗೆ ಏನಿತ್ತು ಅಂತ ಹೇಳಬೇಕಿಲ್ಲ ಅಲ್ವಾ?

ನಾಲ್ಕೂ ಖಾಲಿ ಬಾಟಲಿ ಚೀಲಕ್ಕೆ ಹಾಕಿಕೊಂಡು ಹಡಗಿಗೆ ವಾಪಸ್ ಬಂದೆ. ತಪಾಸಣೆ ಯಂತ್ರದ ಪರದೆ ನೋಡುತ್ತಿದ್ದ ಸಿಬ್ಬಂದಿ ನಕ್ಕುಬಿಟ್ಟ. ‘ಎಲ್ಲರೂ ದಡದಿಂದ ನೆನಪಿಗೆ ಏನಾದರೂ ತರುತ್ತಾರೆ. ನೀವು ಕಸ ತಂದಿದ್ದೀರಿ!’ ಆಮೇಲೆ ತಾನೇ ಕೈ ಚಾಚಿ ತಗೊಂಡು, ‘ಒಳ್ಳೇದೇ ಆಯ್ತು, ಇಲ್ಲಿ ಇದಕ್ಕೊಂದು ಲೆಕ್ಕ ಇದೆ’ ಅಂದ.

ಆ ಲೆಕ್ಕದ ಬೆನ್ನು ಹತ್ತಿ ಓದಿದೆ. ಹಡಗುಗಳಿಂದ ಸಮುದ್ರ ಕೆಡದಂತೆ ತಡೆಯಲು ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಅದರ ಐದನೇ ಅನುಬಂಧ ಜಾರಿಗೆ ಬಂದದ್ದು 1988ರ ಡಿಸೆಂಬರ್ 31ರಂದು. ಆವತ್ತಿನಿಂದ ಹಡಗಿನವರು ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆಯುವಂತಿಲ್ಲ. ದಡದಿಂದ ಎಷ್ಟೇ ದೂರ ಹೋದರೂ ಎಸೆಯುವಂತಿಲ್ಲ. ದೊಡ್ಡ ಹಡಗುಗಳಲ್ಲಿ ಕಸಕ್ಕೆಂದೇ ಒಂದು ದಾಖಲೆ ಪುಸ್ತಕ ಇರುತ್ತದೆ. ಯಾವ ಕಸ, ಎಷ್ಟು, ಎಲ್ಲಿ ಇಳಿಸಿದ್ದು, ಎಲ್ಲ ಬರೆಯಬೇಕು. ಆದರೆ ನೀವು ಬಾಟಲಿ ಹಿಡಿದು ದಡ ಹತ್ತಿದಿರಿ ಅನ್ನಿ, ಅದು ಆ ಪುಸ್ತಕದಿಂದ ಜಾರಿತು. ಇನ್ನು ಅದು ಊರಿನವರ ತಲೆನೋವು. ಹಡಗು ಸಂಜೆ ಐದಕ್ಕೆ ಹೊರಟುಬಿಡುತ್ತದೆ, ಬಾಟಲಿ ಅಲ್ಲೇ ಉಳಿಯುತ್ತದೆ.

ಈಗ ನಿಮ್ಮ ಎರಡು ಬಾಟಲಿಗೆ ಬರೋಣ. ಹಡಗಿನಿಂದ 3,000 ಜನ ಇಳಿದರು ಎಂದಿಟ್ಟುಕೊಳ್ಳಿ. ತಲೆಗೆ ಒಂದೊಂದೇ ಆದರೂ 3,000 ಬಾಟಲಿ, ಒಂದು ದಿನಕ್ಕೆ, ಒಂದು ಹಡಗಿಗೆ. ಮೂರು ಹಡಗು ನಿಂತ ದಿನ 9,000. 2024ರಲ್ಲಿ ಸಂಚಾರ ಶುರು ಮಾಡಿದ ಐಕಾನ್ ಆಫ್ ದ ಸೀಸ್ ಹಡಗು ಭರ್ತಿಯಾದರೆ ಪ್ರಯಾಣಿಕರೇ 7,600. ಅಷ್ಟು ಜನರೂ ‘ನಮ್ಮದು ಎರಡೇ ಅಲ್ವಾ’ ಎನ್ನುತ್ತಾರೆ. ಅವರೂ ನಿಮ್ಮಷ್ಟೇ ಒಳ್ಳೆಯವರು.

ಸರಿ, ಬಾಟಲಿ ಹೊತ್ತೆ, ಅದಕ್ಕೆ ನೀರು ಎಲ್ಲಿಂದ ಅಂತೀರಿ. ಹಡಗಿನಿಂದಲೇ.

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎನ್ನುತ್ತೇವೆ. ಹಡಗಿನ ಎಂಜಿನಿಯರ್‌ಗಳು ಅದೇ ನೆಂಟಸ್ತನದಲ್ಲಿ ಉಪ್ಪನ್ನು ಬಿಟ್ಟು ನೀರನ್ನಷ್ಟೇ ತಗೊಳ್ಳುವ ಜಾಣರು. ಎಂಜಿನ್ ತಂಪು ಮಾಡಿ ಬಿಸಿಯಾದ ನೀರಿನ ಶಾಖವನ್ನು ಹಾಳು ಮಾಡದೆ ಅದರಿಂದ ಸಮುದ್ರದ ನೀರನ್ನು ಆವಿ ಮಾಡುತ್ತಾರೆ. ಪಾತ್ರೆಯೊಳಗಿನ ಗಾಳಿಯನ್ನು ಹೊರಗೆಳೆದಿರುವುದರಿಂದ ನೀರು 100 ಡಿಗ್ರಿಗಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಇನ್ನು ಕೆಲವು ಹಡಗುಗಳಲ್ಲಿ ತೆಳು ಪೊರೆಯ ಮೂಲಕ ಒತ್ತಡ ಹಾಕಿ ಉಪ್ಪು ಸೋಸುತ್ತಾರೆ, ಮನೆಯ ಆರ್‌ಒ ಯಂತ್ರದ ದೊಡ್ಡಣ್ಣ. ಬರುವ ನೀರಿಗೆ ರುಚಿ ಇರುವುದಿಲ್ಲ. ಅದಕ್ಕೆ ಖನಿಜ ಸೇರಿಸುತ್ತಾರೆ, ಕ್ಲೋರಿನ್ ಹಾಕುತ್ತಾರೆ. ನಿಮ್ಮ ಕ್ಯಾಬಿನ್ ನಲ್ಲಿಯಲ್ಲಿ ಬರುವುದು ಇದೇ.

ಹೊಟ್ಟೆಯ ಭಯ ಇರುವವರಿಗೆ ಒಂದು ಮಾತು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 1975ರಲ್ಲಿ ಹಡಗುಗಳ ನೈರ್ಮಲ್ಯ ನೋಡಿಕೊಳ್ಳುವ ಕಾರ್ಯಕ್ರಮ ಶುರು ಮಾಡಿತು. ಅದರ ನಿಯಮದಂತೆ ಹಡಗಿನ ಕೊಳವೆಗಳ ನೀರಿನಲ್ಲಿ ಲೀಟರಿಗೆ ಕಡಿಮೆಯೆಂದರೆ 0.2 ಮಿಲಿಗ್ರಾಂ ಸೋಂಕುನಾಶಕ ಉಳಿದಿರಲೇಬೇಕು. ಬಂದರಿನೊಳಗೆ ನಿಂತಾಗ ಅಲ್ಲಿನ ಕೊಳಕು ನೀರಿನಿಂದ ಕುಡಿಯುವ ನೀರು ತಯಾರಿಸುವಂತಿಲ್ಲ. ಇದು ಅಮೆರಿಕದ ಬಂದರಿಗೆ ಬರುವ ಹಡಗುಗಳ ಮಾತಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಹಡಗುಗಳ ನೈರ್ಮಲ್ಯಕ್ಕೆ ಮಾರ್ಗದರ್ಶಿ ಮಾಡಿದೆ, ಅದರಲ್ಲಿ ನೀರಿಗೇ ಒಂದು ಅಧ್ಯಾಯ ಇದೆ. ಕ್ಲೋರಿನ್ ವಾಸನೆ ಹಿಡಿಸದಿದ್ದರೆ ರಾತ್ರಿ ಒಂದು ಜಗ್‌ನಲ್ಲಿ ತೆರೆದಿಡಿ. ಬೆಳಿಗ್ಗೆಗೆ ಕಡಿಮೆಯಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಜಾಗ್ರತೆ. ಬಫೆಯಲ್ಲಿ ನೀರಿನ ಯಂತ್ರ ಇರುತ್ತದೆ. ಅದರ ಮೂತಿಗೆ ನಿಮ್ಮ ಬಾಟಲಿ ಬಾಯಿ ತಾಗಿಸಬೇಡಿ. ನೀವು ಬಾಯಿಟ್ಟು ಕುಡಿದ ಬಾಟಲಿ ಅದು. ನೊರೊವೈರಸ್ ಎಂಬ ವಾಂತಿಭೇದಿಯ ವೈರಸ್ ಹಡಗುಗಳಿಗೆ ಹಳೆಯ ಶತ್ರು, ಕೆಲವೇ ಕಣ ಸಾಕು ಹಬ್ಬಲು. ಲೋಟದಲ್ಲಿ ಹಿಡಿದು ಬಾಟಲಿಗೆ ಸುರಿಯಿರಿ, ಅಥವಾ ಬಾರ್‌ನವರನ್ನು ಕೇಳಿ. ಹಡಗಿನವರು ಈ ಕಾರಣಕ್ಕೆ ತಕರಾರು ಮಾಡಿದರೆ ಅವರ ಮಾತೇ ಸರಿ. ಅಲ್ಲಿ ನನ್ನ ಹೆಸರು ಹೇಳಬೇಡಿ.

ಈಗ ನನ್ನ ಹಳೆಯ ಹಠಕ್ಕೆ ಬಂದೆ. ಬಾಟಲಿ ಅಂದರೆ ಅರ್ಧ ಪಾತ್ರೆ ಮಾತ್ರ. ಉಳಿದರ್ಧ ನಲ್ಲಿ. ದಾರಿಯಲ್ಲಿ ನಲ್ಲಿ ಇಲ್ಲದಿದ್ದರೆ ಎಂಥ ಒಳ್ಳೆಯ ಬಾಟಲಿಯೂ ಮಧ್ಯಾಹ್ನದ ಹೊತ್ತಿಗೆ ಸುಮ್ನೆ ಒಂದು ಡಬ್ಬ.

ನಿಮ್ಮ ಅದೃಷ್ಟ, ಮೆಡಿಟರೇನಿಯನ್ ಕಡೆ ಹೊರಟಿದ್ದೀರಿ. ನಿಮ್ಮ ಹಡಗು ಕ್ರೊಯೇಷಿಯಾದ ದುಬ್ರೋವ್ನಿಕ್‌ಗೆ ಹೋದರೆ ಹಳೇ ಊರಿನ ಪಿಲೆ ಬಾಗಿಲು ದಾಟಿದ ಕೂಡಲೇ ಬಲಗಡೆ ಗುಮ್ಮಟ ಹೊತ್ತ ದುಂಡನೆಯ ಕಲ್ಲಿನ ಕಟ್ಟಡ ಕಾಣುತ್ತದೆ. ಒನೊಫ್ರಿಯೋನ ದೊಡ್ಡ ಕಾರಂಜಿ. ಹದಿನೈದನೇ ಶತಮಾನದಲ್ಲಿ ಒನೊಫ್ರಿಯೋ ದೆಲ್ಲಾ ಕಾವಾ ಎಂಬಾತ ಸುಮಾರು 12 ಕಿಲೋಮೀಟರ್ ದೂರದ ಬುಗ್ಗೆಯಿಂದ ಊರಿಗೆ ನೀರು ತಂದ. 1667ರ ಭೂಕಂಪದಲ್ಲಿ ಕಾರಂಜಿಯ ಮೇಲಿನ ಅಲಂಕಾರವೆಲ್ಲ ಉದುರಿಹೋಯಿತು. ಸುತ್ತಲಿನ 16 ಕಲ್ಲಿನ ಮುಖಗಳು ಉಳಿದವು. ಆ ಮುಖಗಳ ಬಾಯಿಂದ ನೀರು ಬರುತ್ತದೆ, ಕುಡಿಯಬಹುದು. ಜನ ಅದರ ಮುಂದೆ ನಿಂತು, ಕೈಯಲ್ಲಿ ಕೊಂಡ ಬಾಟಲಿ ಹಿಡಿದು, ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ.

ರೋಮ್‌ಗೆ ಹೋಗುವವರನ್ನು ಹಡಗು ಚಿವಿತಾವೆಕ್ಕಿಯಾ ಬಂದರಿನಲ್ಲಿ ಇಳಿಸುತ್ತದೆ. ಅಲ್ಲಿಂದ ರೋಮ್ ಸುಮಾರು 70 ಕಿಲೋಮೀಟರ್. ರೋಮ್‌ನ ಬೀದಿಗಳಲ್ಲಿ ಸುಮಾರು 2,500 ಎರಕದ ಕಬ್ಬಿಣದ ನಲ್ಲಿ ಕಂಬಗಳಿವೆ. ಜನ ಅವುಗಳನ್ನು ನಸೋನಿ ಎನ್ನುತ್ತಾರೆ, ಅಂದರೆ ದೊಡ್ಡ ಮೂಗುಗಳು. 1870ರ ದಶಕದಿಂದ ನಿಂತಿವೆ. ಮೂಗಿನಂಥ ಬಾಗಿದ ಕೊಳವೆಯ ಮೇಲ್ಭಾಗದಲ್ಲಿ ಪುಟ್ಟ ತೂತಿದೆ. ಕೆಳಗಿನ ಬಾಯನ್ನು ಬೆರಳಿಂದ ಮುಚ್ಚಿದರೆ ಆ ತೂತಿಂದ ನೀರು ಚಿಮ್ಮುತ್ತದೆ, ಲೋಟವೇ ಬೇಡ. ಬಾಟಲಿ ಇದ್ದರೆ ಕೆಳಗೆ ಹಿಡಿಯಿರಿ. ಯಾರೂ ಚೀಟಿ ಕೇಳುವುದಿಲ್ಲ.

ಪ್ಯಾರಿಸ್ ನಿಮ್ಮ ದಾರಿಯಲ್ಲಿ ಇಲ್ಲ. ಆದರೂ ಹೇಳದೆ ಇರಲಾರೆ. ರಿಚರ್ಡ್ ವಾಲೇಸ್ ಎಂಬ ಸಿರಿವಂತ 1872ರಲ್ಲಿ ಆ ಊರಿಗೆ ಹಸಿರು ಬಣ್ಣದ ಕುಡಿಯುವ ನೀರಿನ ಕಾರಂಜಿಗಳನ್ನು ಕೊಟ್ಟ. ಪ್ರತಿಯೊಂದಕ್ಕೂ ಸರಪಳಿ ಕಟ್ಟಿದ ತವರದ ಲೋಟ. ಬಂದವರೆಲ್ಲ ಅದರಲ್ಲೇ ಕುಡಿಯಬೇಕು. 1952ರಲ್ಲಿ ಆರೋಗ್ಯದ ಕಾರಣಕ್ಕೆ ಲೋಟ ತೆಗೆದರು, ನಲ್ಲಿ ಉಳಿಸಿದರು. ಅಮೆರಿಕದ ಕಾನ್ಸಸ್ ರಾಜ್ಯ 1909ರಲ್ಲೇ ರೈಲು, ಶಾಲೆಗಳಲ್ಲಿ ಇಂಥ ಎಲ್ಲರ ಲೋಟವನ್ನು ನಿಷೇಧಿಸಿತ್ತು. ಅದೇ ಭಯದ ಮೇಲೆ ಬೆಳೆದದ್ದು ಕುಡಿದು ಎಸೆಯುವ ಕಾಗದದ ಲೋಟದ ವ್ಯಾಪಾರ. ಭಯ ನಿಜವಾದದ್ದೇ. ಒಬ್ಬರ ಎಂಜಲು ಇನ್ನೊಬ್ಬರಿಗೆ ಬೇಡ. ಆದರೆ ಅದಕ್ಕೆ ಎರಡು ದಾರಿ ಇತ್ತು. ಒಂದು, ಕುಡಿದು ಎಸೆಯುವುದು. ಇನ್ನೊಂದು, ತನ್ನ ಲೋಟ ತಾನೇ ತರುವುದು. ಎಸೆಯುವ ದಾರಿಯಲ್ಲಿ ವ್ಯಾಪಾರವಿತ್ತು, ಅದು ಹೆದ್ದಾರಿಯಾಯಿತು. 1973ರಲ್ಲಿ ನಥಾನಿಯಲ್ ವೈಯತ್ ಎಂಬ ಎಂಜಿನಿಯರ್‌ಗೆ ಪೆಟ್ ಎಂಬ ಪ್ಲಾಸ್ಟಿಕ್‌ನ ಬಾಟಲಿಗೆ ಪೇಟೆಂಟ್ ಸಿಕ್ಕಿತು. ಅಂದರೆ ನೀವು ಬಿಡಲಾರೆ ಎನ್ನುವ ಈ ಕುಡಿದು ಎಸೆಯುವ ಬಾಟಲಿಯ ಅಭ್ಯಾಸಕ್ಕೆ ನನಗಿಂತ ಕಡಿಮೆ ವಯಸ್ಸು.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ನಿಮಗೆ ಗೊತ್ತು. ಈಗ ಕ್ರೂಸ್‌ನವರು ಊರಿಗೆ ಬರುತ್ತಾರೆ, ನೀರಿಗೆ ಬರುವುದಿಲ್ಲ. ನೇರ ಫ್ರಿಜ್ ಇಟ್ಟ ಅಂಗಡಿಗೆ ಹೋಗುತ್ತಾರೆ. ತಪ್ಪು ಅವರದ್ದೇ ಅಲ್ಲ. ಬಂದರಿನ ಹೊಸ ಕಟ್ಟಡಗಳನ್ನು ನೋಡಿ. ಗಾಜಿನ ಗೋಡೆ, ಸುಗಂಧದ ಅಂಗಡಿ, ಮದ್ಯದ ಅಂಗಡಿ, ಬಾಟಲಿ ಮಾರುವ ಯಂತ್ರ. ನಲ್ಲಿ ಇದ್ದರೆ ಶೌಚಾಲಯದ ಪಕ್ಕದ ಮೂಲೆಯಲ್ಲಿ. ನಾನು ಕಂಡ ಒಂದರ ಮೇಲೆ ‘ದುರಸ್ತಿಯಲ್ಲಿದೆ’ ಎಂಬ ಫಲಕ ಇತ್ತು, ಫಲಕಕ್ಕೇ ತುಕ್ಕು ಹಿಡಿದಿತ್ತು. ಮಾಡಲು ಆಗುವುದಿಲ್ಲ ಎಂದೇನಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಅಂಗಡಿಗಳಲ್ಲಿ 2019ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಬಾಟಲಿಯ ನೀರು ಮಾರುವಂತಿಲ್ಲ. ಪ್ರಯಾಣಿಕರು ತಮ್ಮ ಬಾಟಲಿ ತುಂಬಿಸಿಕೊಂಡು ವಿಮಾನ ಹತ್ತುತ್ತಾರೆ. ವಿಮಾನದವರಿಗೆ ಆದದ್ದು ಹಡಗಿನವರಿಗೆ ಯಾಕಾಗಬಾರದು?

ಇನ್ನೊಂದು ರೋಗ ಈಗ ಶುರುವಾಗಿದೆ. ಪರಿಸರದ ಹೆಸರಲ್ಲೇ ಬಾಟಲಿ ಮಾರುವುದು. ಹಡಗಿನ ಚಿತ್ರ ಇರುವ ಬಾಟಲಿ, ಬಂದರಿನ ಹೆಸರು ಇರುವ ಬಾಟಲಿ, ‘ಸಾಗರ ಉಳಿಸಿ’ ಎಂದು ಬರೆದ ಬಾಟಲಿ. ನನ್ನ ಸ್ನೇಹಿತರೊಬ್ಬರ ಮನೆಯ ಕಪಾಟಿನಲ್ಲಿ ಇಂಥವು ಒಂಬತ್ತಿವೆ. ಒಂದರಲ್ಲೂ ನೀರು ತುಂಬಿದ್ದನ್ನು ನಾನು ಕಂಡಿಲ್ಲ. ಸ್ಟೀಲ್ ಕರಗಿಸಲು ಬೆಂಕಿ ಬೇಕು, ಅದೇನು ಮರದಲ್ಲಿ ಬಿಡುತ್ತದೆಯೇ? ಆದ್ದರಿಂದ ಹೊಸದು ಕೊಳ್ಳಬೇಡಿ. ಮನೆಯಲ್ಲಿ ಈಗಾಗಲೇ ಇರುವ, ನೆಗ್ಗಿಹೋದ ಒಂದು ಸಾಕು. ಬಾಯಿ ಅಗಲ ಇರಲಿ, ಕೈ ಹಾಕಿ ತೊಳೆಯಬಹುದು. ರಾತ್ರಿ ಸೋಪು ಹಾಕಿ ತೊಳೆದು ಮುಚ್ಚಳ ತೆಗೆದು ಒಣಗಲು ಬಿಡಿ. ಗಾಜಿನದು ಬೇಡ, ಕಡಲತೀರದಲ್ಲಿ ಒಡೆದರೆ ಬರಿಗಾಲಿನ ಮಕ್ಕಳಿರುತ್ತಾರೆ. ಬೆಳಿಗ್ಗೆ ಹಡಗಿನಲ್ಲೇ ತುಂಬಿಸಿಕೊಳ್ಳಿ. ಇಬ್ಬರಿಗೂ ಬೇರೆ ಬೇರೆ ಬಾಟಲಿ ಇರಲಿ, ಯಜಮಾನರದ್ದು ಅವರೇ ಹೊರಲಿ.

ಪುಟ ಕಟ್ಟುವ ಹುಡುಗ ಬಾಗಿಲಲ್ಲಿ ಬಂದು ನಿಂತಿದ್ದಾನೆ. ಒಂದೇ ಒಂದು ಕೆಲಸ ಮಾಡಿ. ವಾಪಸ್ ಬಂದ ಮೇಲೆ ಆ ನಾಲ್ಕು ಬಂದರುಗಳಲ್ಲಿ ನಲ್ಲಿ ಎಲ್ಲಿತ್ತು, ನೀರು ಹೇಗಿತ್ತು, ಕೆಟ್ಟು ನಿಂತದ್ದು ಎಷ್ಟು ಎಂದು ಬರೆಯಿರಿ. ಹಾಗೆಯೇ ಹಾಕುತ್ತೇನೆ, ಒಂದಕ್ಷರ ಕತ್ತರಿಸುವುದಿಲ್ಲ. ಸೂರ್ಯಾಸ್ತದ ಫೋಟೋ ಮಾತ್ರ ಕಳಿಸಬೇಡಿ, ಇಲ್ಲಿ ಮೂರು ಪೆಟ್ಟಿಗೆ ಇವೆ.