ಓದುಗರ ಪ್ರಶ್ನೆ: ದರ್ಜಿ, ಬಡಗಿ ಮತ್ತು ಹತ್ತು ಸಾವಿರ ಜನ

ಗೆಲ್ಲುವ ಲಕ್ಷಣವೇ ಇಲ್ಲದ ಕಡೆ ನಿಂತವರ ಬಗ್ಗೆ, ಹೊರಟವರ ಬಗ್ಗೆ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆಯಿಂದ ಪತ್ರ ಬಂದಿವೆ. ತುಂಬಾ ಜನ ಒನಕೆ ಓಬವ್ವನ ಬಗ್ಗೆ ಕೇಳಿದ್ದೀರಿ. ಓಬವ್ವನ ಕಥೆಯನ್ನು ನಾನು ನಿಮಗೆ ಹೇಳಬೇಕಾ? ಅದನ್ನು ಬಿಟ್ಟು ಉಳಿದವನ್ನು ತೆಗೆದುಕೊಂಡಿದ್ದೇನೆ.

ಭಾನುವಾರ ಬಂತೆಂದರೆ ನಂದಿ ಬೆಟ್ಟಕ್ಕೆ ಮಂಜು ನೋಡಲು ಜನಜಾತ್ರೆ. ಅಲ್ಲಿ ನಿಜವಾಗಲೂ ಯುದ್ಧ ಆಗಿತ್ತಾ? ಅಷ್ಟು ಎತ್ತರಕ್ಕೆ ಫಿರಂಗಿ ಹೇಗೆ ಹತ್ತಿಸಿದರು?
(ಓದುಗರೊಬ್ಬರು, ಚಿಕ್ಕಬಳ್ಳಾಪುರ)

ಆಗಿತ್ತು ಸ್ವಾಮಿ, 1791ರಲ್ಲಿ. ಮೇಲೆ ಟಿಪ್ಪುವಿನ ಕಾವಲು ಪಡೆ, ಕೆಳಗೆ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ. ಪಶ್ಚಿಮದ ಕಡೆ ಬಿಟ್ಟರೆ ಬೇರೆಲ್ಲೂ ಹತ್ತುವ ಹಾಗಿಲ್ಲ, ಬರೀ ಕಡಿದಾದ ಬಂಡೆ. ಹತ್ತಬಹುದಾದ ಆ ಒಂದು ಕಡೆಯಲ್ಲೂ ಎರಡು ಸುತ್ತು ಗೋಡೆ. ಇಂಗ್ಲಿಷರು ಅಲ್ಲೇ ಇಳಿಜಾರಿನಲ್ಲಿ ದಾರಿ ಕಡಿದು ಫಿರಂಗಿಗಳನ್ನು ಎಳೆದು ಮೇಲೆ ತಂದರು. ಮೇಲಿದ್ದವರು ಬಂಡೆ ಉರುಳಿಸುತ್ತಿದ್ದರು. ಗುಂಡಿಗಿಂತ ಆ ಕಲ್ಲುಗಳಿಂದಲೇ ಜಾಸ್ತಿ ಪೆಟ್ಟು ಬಿತ್ತಂತೆ. ಮೂರು ವಾರ ಹೀಗೇ ನಡೆಯಿತು. ಕೊನೆಗೆ ಗೋಡೆ ಎರಡು ಕಡೆ ಒಡೆಯಿತು. ಅಕ್ಟೋಬರ್ 19ರ ನಸುಕಿನಲ್ಲಿ, ಬೆಳದಿಂಗಳಲ್ಲಿ, ನುಗ್ಗಿ ಕೋಟೆ ಹಿಡಿದರು.

ಒಂದು ತಮಾಷೆ ಹೇಳಿಬಿಡುತ್ತೇನೆ. ದಾಳಿಗೆ ಮುಂಚೆ ಸಾಲಿನಲ್ಲಿದ್ದ ಸಿಪಾಯಿಯೊಬ್ಬ 'ಮೈನ್' ಅಂತ ಏನೋ ಗೊಣಗಿದನಂತೆ, ನೆಲದಡಿ ಮದ್ದು ಹುಗಿದಿದ್ದಾರೆ ಅನ್ನುವ ಭಯ. ಜನರಲ್ ಮೆಡೋಸ್ ಅದನ್ನು ಕೇಳಿಸಿಕೊಂಡು, ಹೌದು ಇದೆ, ಚಿನ್ನದ ಮೈನ್ ಇದೆ ಅಂದನಂತೆ. ಇಂಗ್ಲಿಷಿನಲ್ಲಿ ಗಣಿಗೂ ಮೈನ್ ಅಂತಲೇ ಹೆಸರು. ನಿಜವಾದ ಚಿನ್ನದ ಮೈನ್ ಪಕ್ಕದ ಕೋಲಾರದ ಸೀಮೆಯಲ್ಲಿತ್ತು. ಅಲ್ಲಿನ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು, ತೊಳೆದು, ಚಿನ್ನ ತೋರಿಸಿದ್ದನ್ನು ವಾರನ್ ಅನ್ನುವ ಸರ್ವೆ ಅಧಿಕಾರಿ ಬರೆದಿಟ್ಟಿದ್ದು ಇದಾದ ಹನ್ನೊಂದು ವರ್ಷಕ್ಕೆ, 1802ರಲ್ಲಿ.

21 ಸಿಖ್ ಸೈನಿಕರು 10,000 ಜನರನ್ನು ಎದುರಿಸಿದರು ಅಂತ ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತೆ. ನಿಜವಾ? ಇಲ್ಲಾ ಗ್ರೀಕರ 300 ಜನರ ಕಥೆ ಥರಾನಾ?
(ಕಾಲೇಜು ವಿದ್ಯಾರ್ಥಿನಿ, ತುಮಕೂರು)

21 ಅನ್ನುವುದು ಪಕ್ಕಾ. ಒಬ್ಬೊಬ್ಬರ ಹೆಸರೂ ದಾಖಲೆಯಲ್ಲಿದೆ. 10,000 ಅನ್ನುವುದು ಅಂದಾಜು. ಮುತ್ತಿಗೆಯಲ್ಲಿ ಸಿಕ್ಕಿಕೊಂಡವರು ಕೂತು ತಲೆ ಎಣಿಸುವುದಿಲ್ಲ ಅಲ್ವಾ?

ಜಾಗ ಸಾರಾಗಢಿ, ಈಗಿನ ಪಾಕಿಸ್ತಾನದ ಸಮಾನಾ ಬೆಟ್ಟಸಾಲು. ದಿನ 1897ರ ಸೆಪ್ಟೆಂಬರ್ 12. ಲಾಕ್‌ಹಾರ್ಟ್, ಗುಲಿಸ್ತಾನ್ ಅಂತ ಬ್ರಿಟಿಷರ ಎರಡು ಕೋಟೆ. ಒಂದರಿಂದ ಇನ್ನೊಂದು ಕಾಣುವುದಿಲ್ಲ. ಹಾಗಾಗಿ ನಡುವೆ ಸಾರಾಗಢಿ ಅನ್ನುವ ಪುಟ್ಟ ಠಾಣೆ, ಕನ್ನಡಿಯಲ್ಲಿ ಬಿಸಿಲು ಮಿಂಚಿಸಿ ಸುದ್ದಿ ದಾಟಿಸಲು. ಹವಾಲ್ದಾರ್ ಈಶರ್ ಸಿಂಗ್ ಅದರ ಮುಖ್ಯಸ್ಥ. ಕನ್ನಡಿ ಹಿಡಿದಿದ್ದವನು ಗುರ್ಮುಖ್ ಸಿಂಗ್. ಬೆಳಿಗ್ಗೆಯಿಂದ ಮಧ್ಯಾಹ್ನ ಇಳಿಯುವ ತನಕ ಸುತ್ತ ಗುಂಡು ಹಾರುತ್ತಿರುವಾಗ ಇವನು ಏನೇನಾಗುತ್ತಿದೆ ಅಂತ ಒಂದೊಂದಾಗಿ ಲಾಕ್‌ಹಾರ್ಟ್‌ಗೆ ಕಳಿಸುತ್ತಲೇ ಇದ್ದ. ಕೊನೆಗೆ ಯಂತ್ರ ಮಡಿಸಿಟ್ಟು ಬಂದೂಕು ತೆಗೆದುಕೊಳ್ಳಲೇ ಅಂತ ಅಪ್ಪಣೆ ಕೇಳಿದ. ನನಗೆ ಇಡೀ ಕಥೆಯಲ್ಲಿ ಮೈ ಜುಮ್ಮೆನ್ನುವುದು ಇಲ್ಲೇ, ಸಾಯುವ ಮುಂಚೆ ಸಾಮಾನು ಮಡಿಸಿಟ್ಟ ಅನ್ನುವುದು. 21 ಜನರೂ ಸತ್ತರು. ಎಲ್ಲರಿಗೂ ಇಂಡಿಯನ್ ಆರ್ಡರ್ ಆಫ್ ಮೆರಿಟ್ ಕೊಟ್ಟರು. ಬ್ರಿಟಿಷರ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಭಾರತೀಯ ಸಿಪಾಯಿಗಳಿಗೆ ಸಿಗುವಂತಾದದ್ದು 1911ರಲ್ಲಿ, ಅದಕ್ಕೆ ಮುಂಚೆ ಇದೇ ದೊಡ್ಡದು. ಅಂದಹಾಗೆ, ಎದುರಿಗಿದ್ದ ಅಫ್ರಿದಿ, ಓರಕ್‌ಜಾಯಿ ಅನ್ನುವ ಪಠಾಣ ಬುಡಕಟ್ಟಿನ ಜನ ತಮ್ಮ ಬೆಟ್ಟದಲ್ಲಿ ಪರರ ಕೋಟೆ ಬೇಡ ಅಂತ ಬಂದವರು. ವಾಟ್ಸಾಪ್‌ನಲ್ಲಿ ಆ ಮಾತು ಬರುವುದಿಲ್ಲ.

ಗ್ರೀಕರ ಲೆಕ್ಕ ಬೇಗ ಮುಗಿಸುತ್ತೇನೆ. ಕ್ರಿ.ಪೂ. 480, ಗ್ರೀಸಿನ ಥರ್ಮೋಪಿಲೆ ಕಣಿವೆ, ಎದುರಿಗೆ ಪರ್ಷಿಯಾದ ದೊಡ್ಡ ಸೈನ್ಯ. ಸ್ಪಾರ್ಟಾದವರು 300 ಹೌದು, ಆದರೆ ಬೇರೆ ಊರಿನವರೂ ಸೇರಿ ಶುರುವಿನಲ್ಲಿ ಕೆಲವು ಸಾವಿರ ಜನ ಇದ್ದರು. ಕೊನೆಯ ದಿನ ಥೆಸ್ಪಿಯಾ ಅನ್ನುವ ಸಣ್ಣ ಊರಿನ 700 ಜನ ಹೋಗಲ್ಲ ಅಂತ ಕೂಡೇ ನಿಂತು ಸತ್ತರು. ಅವರ ಹೆಸರಲ್ಲಿ ಯಾರೂ ಟೀ ಶರ್ಟ್ ಮಾಡಿಸಿಲ್ಲ.

ಶ್ಯಾಕಲ್‌ಟನ್ ಅಂಟಾರ್ಕ್ಟಿಕಾ ದಾಟಲು ಹೋಗಿ ದಾಟಲೇ ಇಲ್ಲ. ಸೋತವನನ್ನು ಯಾಕೆ ಇಷ್ಟು ಹೊಗಳುತ್ತಾರೆ?
(ನಿವೃತ್ತ ಮೇಷ್ಟ್ರು, ಮುಳಬಾಗಿಲು)

ಮೇಷ್ಟ್ರೇ, ಈ ಬ್ರಿಟಿಷ್ ಸಾಹಸಿ ಸೋತದ್ದು ನಿಜ. ನೆಲ ಮುಟ್ಟುವ ಮುಂಚೆಯೇ, 1915ರ ಜನವರಿಯಲ್ಲಿ, ಹಡಗು ಹಿಮದಲ್ಲಿ ಸಿಕ್ಕಿಕೊಂಡಿತು. ನವೆಂಬರ್‌ನಲ್ಲಿ ನುಚ್ಚುನೂರಾಗಿ ಮುಳುಗಿತು. 28 ಜನ, ಮೂರು ದೋಣಿ, ಸುತ್ತ ಹಿಮ. ಹೇಗೋ ಎಲಿಫೆಂಟ್ ದ್ವೀಪ ಸೇರಿದರು. ಅಲ್ಲಿಂದ ಆರು ಜನ ಏಳು ಮೀಟರ್ ಉದ್ದದ ದೋಣಿಯಲ್ಲಿ 1,300 ಕಿಲೋಮೀಟರ್‌ಗೂ ಜಾಸ್ತಿ ದೂರ, ಲೋಕದಲ್ಲೇ ಕೆಟ್ಟ ಸಮುದ್ರ ಅನ್ನುವ ಸಮುದ್ರವನ್ನು ದಾಟಿ ಸೌತ್ ಜಾರ್ಜಿಯಾ ಅನ್ನುವ ದ್ವೀಪ ಮುಟ್ಟಿದರು. ಮೋಡ ಸರಿದಾಗ ನಾಲ್ಕೇ ನಾಲ್ಕು ಸಲ ಸೂರ್ಯನ ಅಳತೆ ಸಿಕ್ಕಿದ್ದು. ಅಷ್ಟರಲ್ಲೇ ಹಡಗಿನ ಕ್ಯಾಪ್ಟನ್ ವರ್ಸ್ಲಿ ದಾರಿ ಹಿಡಿಸಿದ.

ಆದರೆ ನನ್ನ ಮಟ್ಟಿಗೆ ಹೀರೋ ಬಡಗಿ ಮೆಕ್‌ನಿಶ್. ಪೆಟ್ಟಿಗೆಯ ಹಲಗೆ, ಜಾರುಬಂಡಿಯ ಪಟ್ಟಿ, ಕ್ಯಾನ್ವಾಸ್ ಬಟ್ಟೆ, ಸಿಕ್ಕಿದ್ದನ್ನೆಲ್ಲ ಜೋಡಿಸಿ ದೋಣಿಯ ಪಕ್ಕ ಎತ್ತರಿಸಿದ, ಮೇಲೆ ಮುಚ್ಚಿಗೆ ಹಾಕಿದ. ದಡ ಸೇರಿದ ಮೇಲೂ ಬೆಟ್ಟ ದಾಟಬೇಕಿತ್ತಲ್ಲ, ಮಂಜಿನ ಮೇಲೆ ಜಾರದಿರಲಿ ಅಂತ ದೋಣಿಯ ಸ್ಕ್ರೂ ಬಿಚ್ಚಿ ಬೂಟಿನ ಅಡಿಗೆ ಹೊಡೆದುಕೊಟ್ಟ. ಮೂರು ಜನ 36 ಗಂಟೆ ನಡೆದು ತಿಮಿಂಗಿಲ ಬೇಟೆಯವರ ಊರು ತಲುಪಿದರು. ಎಲಿಫೆಂಟ್ ದ್ವೀಪದಲ್ಲಿ ಉಳಿದಿದ್ದ 22 ಜನರನ್ನು ಚಿಲಿ ದೇಶದ ಹಡಗೊಂದು 1916ರ ಆಗಸ್ಟ್ 30ರಂದು ಕರೆತಂದಿತು, ಅದೂ ನಾಲ್ಕನೇ ಪ್ರಯತ್ನದಲ್ಲಿ. ಹಡಗಿನ 28 ಜನರೂ ಬದುಕಿದರು. ಹೊಗಳುವುದು ಇದಕ್ಕೆ. ಖಂಡದ ಇನ್ನೊಂದು ಬದಿಯಲ್ಲಿ ಇವರಿಗಾಗಿ ದಿನಸಿ ಕೂಡಿಡಲು ಹೋದ ತಂಡದಲ್ಲಿ ಮೂವರು ಸತ್ತರು, ಅದನ್ನು ಹೊಗಳುವವರು ಮರೆಯುತ್ತಾರೆ. ಬಡಗಿಗೆ ಪದಕವೂ ಸಿಗಲಿಲ್ಲ. ಹಿಮದ ಮೇಲಿದ್ದಾಗ ಒಂದು ದಿನ ಎದುರು ಮಾತಾಡಿದ್ದ, ಶ್ಯಾಕಲ್‌ಟನ್‌ಗೆ ಆ ಸಿಟ್ಟು.

ನಮ್ಮ ದೇಶದವರಲ್ಲಿ ಇಂಥ ಸಾಹಸಿ ಯಾರೂ ಇಲ್ವಾ?
(ಓದುಗರೊಬ್ಬರು, ಬಂಗಾರಪೇಟೆ)

ಇದ್ದಾರೆ. ಹಿಮಾಲಯದ ಕುಮಾವೂಂ ಕಡೆಯ ನೈನ್ ಸಿಂಗ್ ರಾವತ್ ಯಾತ್ರಿಕನ ವೇಷದಲ್ಲಿ, 108ರ ಬದಲು 100 ಮಣಿಯ ಜಪಮಾಲೆ ಹಿಡಿದು, ನೂರು ಹೆಜ್ಜೆಗೊಂದು ಮಣಿ ಸರಿಸುತ್ತಾ ಟಿಬೆಟ್ ಅಳೆದು 1866ರಲ್ಲಿ ಲ್ಹಾಸಾ ಮುಟ್ಟಿದರು. ಇವರ ಬಗ್ಗೆ ಬರೆದವರು ಬೇಕಾದಷ್ಟು ಜನ. ನಾನು ಹೇಳಬೇಕೆಂದಿರುವುದು ಕಿಂಥುಪ್ ಬಗ್ಗೆ.

ಸಿಕ್ಕಿಂ ಮೂಲ, ಡಾರ್ಜಿಲಿಂಗ್‌ನಲ್ಲಿ ದರ್ಜಿ. ಓದು ಬರಹ ಇಲ್ಲ. ಟಿಬೆಟಿನ ತ್ಸಾಂಗ್‌ಪೋ ನದಿಯೇ ನಮ್ಮ ಬ್ರಹ್ಮಪುತ್ರವಾ ಅಂತ ಆಗ ಯಾರಿಗೂ ಖಚಿತ ಇರಲಿಲ್ಲ. ಮೇಲೆ ಗುರುತು ಹಾಕಿದ ಮರದ ತುಂಡು ಬಿಡುವುದು, ಕೆಳಗೆ ಅಸ್ಸಾಂನಲ್ಲಿ ಕಾದು ನೋಡುವುದು, ಇದು ಬ್ರಿಟಿಷ್ ಸರ್ಕಾರದ ಸರ್ವೆ ಇಲಾಖೆಯವರ ಉಪಾಯ. 1880ರಲ್ಲಿ ಒಬ್ಬ ಚೀನೀ ಲಾಮಾನ ಜೊತೆಗೆ ಆಳಿನ ಹಾಗೆ ಕಿಂಥುಪ್‌ನನ್ನು ಕಳಿಸಿದರು. ಆ ಲಾಮಾ ದಾರಿಯಲ್ಲಿ ದುಡ್ಡೆಲ್ಲ ಕಳೆದು, ಕೊನೆಗೆ ಇವನನ್ನೇ ಜೀತಕ್ಕೆ ಮಾರಿ ಕಾಲ್ಕಿತ್ತ. ನೀವು, ನಾನು ಆಗಿದ್ದರೆ ತಪ್ಪಿಸಿಕೊಂಡು ಸೀದಾ ಮನೆಗೆ. ಇವನು ತಪ್ಪಿಸಿಕೊಂಡು ನದಿಯ ಕಡೆಗೇ ಹೋದ! ಹಿಡಿಯಲು ಬಂದವರಿಂದ ಒಂದು ಮಠದ ಲಾಮಾ ದುಡ್ಡು ಕೊಟ್ಟು ಬಿಡಿಸಿಕೊಂಡ, ಅಂದರೆ ಅಲ್ಲೂ ಚಾಕರಿ. ತೀರ್ಥಯಾತ್ರೆ ಅಂತ ರಜೆ ಕೇಳಿ 500 ತುಂಡು ಕಡಿದು ಬಚ್ಚಿಟ್ಟ. ಮತ್ತೊಮ್ಮೆ ರಜೆ ಕೇಳಿ ಲ್ಹಾಸಾಗೆ ನಡೆದು, ಇಂಥ ದಿನದಿಂದ ಬಿಡುತ್ತೇನೆ ಅಂತ ಪತ್ರ ಬರೆಸಿ ಕಳಿಸಿದ. ವಾಪಸ್ ಬಂದು ತಿಂಗಳುಗಟ್ಟಲೆ ದುಡಿದ. ಆಮೇಲೆ ಹೇಳಿದ ದಿನಕ್ಕೆ ಸರಿಯಾಗಿ, ದಿನಕ್ಕೆ 50ರಂತೆ ಹತ್ತು ದಿನ ತುಂಡುಗಳನ್ನು ನೀರಿಗೆ ಬಿಟ್ಟ.

ಕೆಳಗೆ ಯಾರೂ ನೋಡುತ್ತಿರಲಿಲ್ಲ. ಪತ್ರ ತಲುಪಬೇಕಾದ ಅಧಿಕಾರಿ ದೇಶ ಬಿಟ್ಟು ಹೋಗಿದ್ದ. 1884ರಲ್ಲಿ ಕಿಂಥುಪ್ ಮರಳಿದ, ನೆನಪಿನಿಂದ ಎಲ್ಲ ಹೇಳಿದ, ಹೆಚ್ಚಿನವರು ನಂಬಲಿಲ್ಲ. 1913ರಲ್ಲಿ ಬೈಲಿ, ಮೋರ್ಸ್‌ಹೆಡ್ ಅನ್ನುವ ಇಬ್ಬರು ಅದೇ ದಾರಿ ನಡೆದಾಗ ಅವನು ಹೇಳಿದ್ದು ಬಹುಮಟ್ಟಿಗೆ ಸರಿ ಅಂತ ಗೊತ್ತಾಯಿತು.

ಎಲ್ಲಾ ಗಂಡಸರೇ ಯಾಕೆ ಅಂಕಲ್?
(ಎಂಟನೇ ತರಗತಿ, ಗೌರಿಬಿದನೂರು)

ಸರಿಯಾಗಿ ಕೇಳಿದೆ ಪುಟ್ಟಿ. ಅಲಾಸ್ಕಾದ ಏಡಾ ಬ್ಲ್ಯಾಕ್‌ಜಾಕ್ ಅಂತ, ಇವಳೂ ಹೊಲಿಯುವವಳೇ. ಮಗನಿಗೆ ಕ್ಷಯ, ಚಿಕಿತ್ಸೆಗೆ ದುಡ್ಡು ಬೇಕು. ಬಟ್ಟೆ ಹೊಲಿದುಕೊಡಲು ಅಂತ 1921ರಲ್ಲಿ ನಾಲ್ಕು ಗಂಡಸರ ಜೊತೆ ಉತ್ತರ ಧ್ರುವದ ಕಡೆಯ ರ‍್ಯಾಂಗಲ್ ದ್ವೀಪಕ್ಕೆ ಹೋದಳು. ಊಟ ಮುಗಿಯುತ್ತಾ ಬಂತು. ಮೂವರು ಸಹಾಯ ತರುತ್ತೇವೆ ಅಂತ ಹಿಮದ ಮೇಲೆ ಹೋದವರು ಬರಲೇ ಇಲ್ಲ. ನಾಲ್ಕನೆಯವನು ಕಾಯಿಲೆ ಬಿದ್ದ, ತಿಂಗಳುಗಟ್ಟಲೆ ಅವನನ್ನು ನೋಡಿಕೊಂಡಳು, ಅವನೂ ಸತ್ತ. ಹಿಮಕರಡಿ ಕಂಡರೆ ನಡುಗುತ್ತಿದ್ದವಳು ಬಂದೂಕು ಹಾರಿಸುವುದನ್ನು ತಾನೇ ಕಲಿತಳು, ಉರುಲು ಹಾಕಿ ನರಿ ಹಿಡಿದಳು. 1923ರ ಆಗಸ್ಟ್‌ನಲ್ಲಿ ಹಡಗು ಬಂದಾಗ ದ್ವೀಪದಲ್ಲಿ ಬದುಕಿದ್ದವರು ಇಬ್ಬರು. ಏಡಾ ಮತ್ತು ವಿಕ್ ಅನ್ನುವ ಬೆಕ್ಕು.